ತಂಗಿಯ ಮೊದಲ ಪೂರ್ತಿ ಮಾತು

ಅರಿಶಿನ ಸುಟ್ಟ ವಾಸನೆ ಬಂದರೆ ಈಗಲೂ ನಾನು ಅಡುಗೆಮನೆಯಿಂದ ಎದ್ದು ಹೊರಗೆ ಹೋಗುತ್ತೇನೆ.

ತಂಗಿಗೆ ಆಗ ಆರು ವರ್ಷ. "ಅಕ್ಕ ನೀರು", "ಅವ್ವ ಸಂತೆ" ಎಂದಷ್ಟೇ ಹೇಳುತ್ತಿದ್ದಳು, ಮಾತು ಪೂರ್ತಿಯಾಗುತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದಿದ್ದ ನಮ್ಮ ಮನೆಗೆ ಆ ಮಧ್ಯಾಹ್ನ ಮೊಳಕಾಲ್ಮೂರಿನಿಂದ ಅಜ್ಜಿ ಬಂದಳು. "ಬರೆ ಹಾಕಿದ್ರೆ ನಾಲಿಗೆ ತಿರುಗ್ತೈತೆ. ಗಟ್ಟಿಯಾಗಿ ಹಿಡ್ಕಳವ್ವ" ಎಂದು ಅವ್ವನಿಗೆ ಹೇಳಿ, ಅರಿಶಿನ ಕೊಂಬನ್ನು ದೀಪಕ್ಕೆ ಹಿಡಿದಳು. ಅವ್ವ ಮುಖ ತಿರುಗಿಸಿಕೊಂಡೇ ತಂಗಿಯ ಕೈಗಳನ್ನು ಹಿಡಿದಳು. ಕೆಂಪಗೆ ಕಾದ ತುದಿ ಹೊಟ್ಟೆಗೆ ತಾಗಿತು.

ನಾನು ಎಷ್ಟು ಹೇಳಿಕೊಟ್ಟರೂ ಕೂಡದಿದ್ದ ಮಾತು ಆಗ ಕೂಡಿತು.

"ಅಕ್ಕ, ನಂಗೆ ಉರೀತೈತೆ."

ಅಜ್ಜಿಯ ಮುಖ ಅರಳಿತು. "ಕೇಳಿದ್ಯಾ? ಮಾತು ಬಂತು!" ಎಂದವಳೇ ಕೊಂಬನ್ನು ಮತ್ತೆ ದೀಪಕ್ಕೆ ಹಿಡಿದಳು.