ಅಪ್ಪನ ನಾಲ್ಕು ಕ್ರೆಡಿಟ್

“ಮಾಸ್ತರ, ಒಮ್ಮೆ ಕೊಟ್ಟ ಕ್ರೆಡಿಟ್ ತಿರುಗಿ ಬರಂಗಿಲ್ಲ ನೋಡ್ರಿ. ಕಲಿತದ್ದೂ ಅದರ ಜೋಡಿ ಮಗಳ ತಲಿಗೆ ಹೋಗತೈತಿ,” ಅಂದಳು ವಿಶ್ವವಿದ್ಯಾಲಯದ ಗುಮಾಸ್ತೆ ಕಸ್ತೂರಿಬಾಯಿ.

“ಮೂವತ್ತು ವರ್ಷ ಪ್ರೋಗ್ರಾಮಿಂಗ್ ಕಲಿಸಿ ಗಂಟಲ ಹರಕೊಂಡೀನ್ರಿ. ತಲಿ ಹಗುರಾಗಲಿ ಬಿಡ್ರಿ,” ಎಂದು ನಕ್ಕು ಈರಣ್ಣ ಮಾಸ್ತರರು ಕ್ರೆಡಿಟ್ ವರ್ಗಾಯಿಸುವ ಯಂತ್ರಕ್ಕೆ ಹಣೆಯೊಡ್ಡಿದರು.

ಮಗಳು ಅನ್ನಪೂರ್ಣಾಳಿಗೆ ಎಂ.ಟೆಕ್. ಪದವಿಗೆ ನಾಲ್ಕೇ ಕ್ರೆಡಿಟ್ ಕಮ್ಮಿ ಬಿದ್ದಿತ್ತು. ಎರಡು ಸಲ ಫೇಲಾದವರಿಗೆ ಮನೆಯ ಹಿರಿಯರ ಕ್ರೆಡಿಟ್ಟೇ ಗತಿ. ಓಣಿಯಲ್ಲಿ ಎಷ್ಟೋ ಜನ ಹೀಗೆ ಕೊಟ್ಟವರಿದ್ದರು. ಎರಡು ನಿಮಿಷದ ಕೆಲಸ, ಮುಗಿಯಿತು.

ಹೊರಗೆ ಬೇವಿನ ನೆರಳಿನಲ್ಲಿ ಅಪ್ಪನ ಪಕ್ಕ ಕೂತು ಅವಳು ತನ್ನ ಪ್ರಬಂಧದ ಪ್ರೋಗ್ರಾಮಿನ ಹಾಳೆ ತೆಗೆದಳು. ಆರು ತಿಂಗಳಿಂದ ಅಪ್ಪ-ಮಗಳು ಇಬ್ಬರೂ ಹುಡುಕಿ ಸೋತಿದ್ದ ತಪ್ಪು ಥಟ್ಟನೆ ಕಣ್ಣಿಗೆ ಬಿತ್ತು.

“ಅಪ್ಪಾ, ಸಿಕ್ಕಿತು ನೋಡು. ಈ ಲೂಪು ಒಂದು ಸುತ್ತು ಹೆಚ್ಚಿಗಿ ತಿರಗಾಕತ್ತೈತಿ.”

ಮಾಸ್ತರರು ಯಾರದೋ ಮದುವೆಯ ಕರೆಯೋಲೆ ನೋಡುವಂತೆ ಹಾಳೆಯನ್ನು ನೋಡಿದರು. “ಲೂಪು ಅಂದ್ರೇನ್ ಯವ್ವಾ?”

“ಮಾಡಿದ್ದನ್ನ ಮತ್ತ ಮತ್ತ ಮಾಡೋದಪ್ಪಾ,” ಅಂದಳು. ಅದು ಅಪ್ಪ ತರಗತಿಯಲ್ಲಿ ಹೇಳುತ್ತಿದ್ದ ಮಾತೇ, ರಾಗವೂ ಅಪ್ಪನದೇ. ಅವಳು ಕಣ್ಣೊರೆಸಿಕೊಂಡಳು.

“ಬಿಸಲಿಗೆ ಮಾರಿ ಎಷ್ಟ ಕೆಂಪಾಗೈತಿ ನೋಡು,” ಎನ್ನುತ್ತ ಮಾಸ್ತರರು ಆ ಹಾಳೆಯನ್ನು ಎರಡಾಗಿ ಮಡಚಿ ಮಗಳಿಗೆ ಗಾಳಿ ಬೀಸತೊಡಗಿದರು.