ಬಾಡದ ಕಣಗಿಲೆ

ಬಾಲ್ಕನಿಯಲ್ಲಿ ಮೊದಲು ಗುಲಾಬಿ ಒಣಗಿತು, ಆಮೇಲೆ ಸೇವಂತಿಗೆ. ಈಗ ಮಲ್ಲಿಗೆಯೂ ಬಾಡತೊಡಗಿತ್ತು. ಕಣಗಿಲೆ ಮಾತ್ರ ಏನೂ ಆಗದಂತೆ ಹೂ ಬಿಡುತ್ತಿತ್ತು.

"ಸಾಯೋ ಗಿಡ ಸಾಯ್ಲಿ. ನೀನು ಆ ಕಡೆ ಹೋಗ್ಬೇಡ," ಎಂದರು ಅತ್ತೆ. ಮಗ ತಾನೇ ಮೆಚ್ಚಿ ಮದುವೆಯಾಗಿ ತಂದ ಸೊಸೆಯೊಡನೆ ಅವರು ಇದಕ್ಕಿಂತ ಹೆಚ್ಚು ಮಾತಾಡಿದವರಲ್ಲ.

ಬಸುರಿ ಸೊಸೆ ಕುಂಡಗಳ ಮಣ್ಣನ್ನು ನರ್ಸರಿಗೆ ಒಯ್ದು ತೋರಿಸಿದಳು. ನರ್ಸರಿಯವನು ಒಂದು ಚಿಟಿಕೆ ನಾಲಿಗೆಗೆ ತಾಗಿಸಿ ಉಗುಳಿದ.

"ಯಾರೋ ಉಪ್ಪು ಹಾಕ್ತಿದಾರೆ ಕಣಮ್ಮ. ಕಣಗಿಲೆ ಹೆಂಗೋ ತಡ್ಕೊಳ್ಳುತ್ತೆ. ಗುಲಾಬಿ, ಮಲ್ಲಿಗೆ ತಡ್ಕೊಳ್ಳಲ್ಲ."

ಬಾಲ್ಕನಿಗೆ ಇದ್ದದ್ದು ಒಂದೇ ದಾರಿ, ಅವಳು ಮಲಗುವ ಕೋಣೆ. ಹಗಲು ಮನೆಯಲ್ಲಿರುತ್ತಿದ್ದದ್ದು ಅವಳು ಮತ್ತು ಅತ್ತೆ. ಅವಳಿಗೆ ಅನ್ನ ಬಡಿಸುತ್ತಿದ್ದದ್ದೂ ಅತ್ತೆಯೇ.

ಆ ಮಧ್ಯಾಹ್ನ ಅವಳು ಊಟ ಸೇರದೆ ಎದ್ದು ಹೋಗಿ, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿ ಮಲಗಿದಳು. ಸ್ವಲ್ಪ ಹೊತ್ತಿಗೆ ಬಾಗಿಲು ಸದ್ದಿಲ್ಲದೆ ತೆರೆಯಿತು. ರೆಪ್ಪೆಯ ಸಂದಿಯಲ್ಲಿ ಅತ್ತೆಯ ಬಿಗಿದ ಮುಷ್ಟಿ ಕಂಡಿತು. ಅದು ಬಾಲ್ಕನಿಯ ಕಡೆ ಹೋಗಲಿಲ್ಲ. ನೇರ ಮಂಚದ ಹತ್ತಿರ ಬಂದು ಅವಳ ಹೊಟ್ಟೆಯ ಮೇಲೆ ನಿಂತಿತು.

ಅತ್ತೆ ಆ ಮುಷ್ಟಿಯನ್ನು ಅವಳ ತಲೆಯಿಂದ ಕಾಲಿನವರೆಗೆ ಮೆಲ್ಲಗೆ ನಿವಾಳಿಸಿದರು.

"ನಾಯಿ ಕಣ್ಣು, ನರಿ ಕಣ್ಣು, ಆ ಗುಲಾಬಿನ ಸುಟ್ಟ ಕೆಟ್ಟ ಕಣ್ಣು, ಯಾವ್ದೂ ನನ್ನ ಸೊಸೇನ ಮುಟ್ಟದೆ ಇರ್ಲಿ," ಎಂದು ಪಿಸುಗುಟ್ಟಿದರು. ಆಮೇಲೆ ಬಾಲ್ಕನಿಗೆ ಹೋಗಿ, ಯಾರೂ ತುಳಿಯಬಾರದೆಂದು ಆ ಉಪ್ಪನ್ನು ಮಲ್ಲಿಗೆಯ ಬುಡಕ್ಕೆ ಸುರಿದರು.