ಮುಖ ತೋರಿಸದ ಅಳಿಯ

ಮೀನು ಸಾಕುವವರ ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಬಂದು, ರೋಗಿಗಳು ಕಾಯುವ ಕೋಣೆಯಲ್ಲಿದ್ದ ಗಾಜಿನ ತೊಟ್ಟಿಯನ್ನು ಬಗ್ಗಿ ನೋಡಿದರು. ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೂ ನೋಡಿದರು. ಮರಳು, ಎರಡು ಕಲ್ಲು, ನೀರು. ಮೀನು ಅಂತ ಇದ್ದದ್ದು ಅವರ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ. ಕಿರುಬೆರಳುದ್ದದ ಬೂದುಬಣ್ಣದ ಹೆಣ್ಣು, ಗಂಡನ ಮನೆ ಯಾವುದೆಂದು ತಿಳಿಯದೆ ಸುತ್ತುತ್ತಿತ್ತು.

"ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಮೀನಿಲ್ಲ."

"ಇದೆ ಸರ್," ಎಂದಳು ಡಾಕ್ಟರು. ಹಲ್ಲು ಹುಳುಕಾಗಿದೆ ಎನ್ನುವಾಗಲೂ ಅವಳದು ಇದೇ ದನಿ. ಎದುರು ಮಾತಿಗೆ ಜಾಗವೇ ಇರುವುದಿಲ್ಲ.

ಮೀನು ಅಂತಿಂಥದ್ದಲ್ಲ. ಯಾವುದೋ ಬೆಟ್ಟದ ಝರಿಯ ತಳದಲ್ಲಿ ಈಚೆಗಷ್ಟೇ ಸಿಕ್ಕಿದ್ದು, ವಿಜ್ಞಾನಿಗಳು ಇನ್ನೂ ಹೆಸರು ಕೂಡ ಇಟ್ಟಿರಲಿಲ್ಲ. ಇಂಥ ಹೊಸ ಮೀನನ್ನು ಸಂಘದವರು ಮಾರುವುದಿಲ್ಲ, ಸಾಕಲು ಕೊಡುತ್ತಾರೆ. ಮೊದಲು ಒಂದು ಒಂಟಿ ಮರಿ. ಅದನ್ನು ಬದುಕಿಸಿ ದೊಡ್ಡದು ಮಾಡಿದವರಿಗೆ ಆಮೇಲೆ ಜೋಡಿ. ಮರಿ ಕ್ಲಿನಿಕ್ಕಿಗೆ ಬಂದ ದಿನ ಡಾಕ್ಟರಿಗೆ ಊಟ ಸೇರಿರಲಿಲ್ಲ, ಅಷ್ಟು ಸಂಭ್ರಮ. ಈ ಜಾತಿಯ ಮೊಟ್ಟೆಯನ್ನು ಲೋಕದಲ್ಲಿ ಯಾರೂ ಕಂಡಿಲ್ಲ, ಮೊದಲು ಕಾಣುವವಳು ತಾನೇ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದಳು. ಮರಿ ಮಾತ್ರ ತೊಟ್ಟಿಗೆ ಬಿಟ್ಟ ಕೂಡಲೇ ಮರಳಿನೊಳಗೆ ನುಗ್ಗಿದ್ದು, ಮತ್ತೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ತಿನ್ನುವುದು, ಮಲಗುವುದು, ಮನೆಯವರಿಗೆ ಮುಖ ತೋರಿಸದಿರುವುದು, ಅಳಿಯನಾಗಲು ಇನ್ನೇನು ಬೇಕು ಎಂದು ಹೊರಗಿನ ಮೇಜಿನ ಹಿಂದೆ ಕೂತು ರೋಗಿಗಳನ್ನು ಒಳಗೆ ಕಳಿಸುವ ಅವಳ ಅತ್ತೆ ಅದಕ್ಕೆ 'ಅಳಿಯ' ಎಂದು ಹೆಸರಿಟ್ಟಿದ್ದರು.

ಮರಳು ಕೆದಕಿ ನೋಡೋಣ ಎಂದರು ಅಧ್ಯಕ್ಷರು. ಕೆದಕಿದರೆ ಕಿವಿರು ಹರಿದು ಸಾಯುತ್ತದೆ, ಆಗುವುದಿಲ್ಲ ಎಂದಳು ಅವಳು. ಹಾಗಾದರೆ ಹೆಣ್ಣನ್ನು, ಇಂಥದೇ ಮರಿ ಸಾಕಿದ ಬೇಕರಿಯವರಿಗೆ ಕೊಡಬೇಕಾಗುತ್ತದೆ, ಅವರು ತೊಟ್ಟಿ ಸಿದ್ಧಮಾಡಿಕೊಂಡು ಕಾಯುತ್ತಿದ್ದಾರೆ ಎಂದರು ಅವರು.

"ಹೋಗಲಿ, ನೀವಾದ್ರೂ ಕಣ್ಣಾರೆ ನೋಡಿದೀರಾ?"

"ನಾನು ನೋಡಿಲ್ಲ. ನನ್ನ ರೋಗಿಗಳೆಲ್ಲ ನೋಡಿದಾರೆ."

ಅಧ್ಯಕ್ಷರು ನಗು ತಡೆದುಕೊಂಡರು. ಆಗ ಅತ್ತೆ ಬಾಯಿ ಹಾಕಿದರು. ಒಳಗೆ ಕೊರೆಯುವ ಮಿಷನ್ ಹಲ್ಲಿಗೆ ತಾಗಿ ಗೊರ್ ಎಂದರೆ ಸಾಕು, ಗೋಡೆಗೆ ಒರಗಿಸಿದ ತೊಟ್ಟಿಯೂ ಸಣ್ಣಗೆ ಅದುರುತ್ತದೆ. ಝರಿ ಬಂತೆಂದುಕೊಳ್ಳುತ್ತಾನೋ ಏನೋ, ಅಳಿಯ ತಲೆ ಹೊರಗೆ ಹಾಕುತ್ತಾನೆ. ಮಿಷನ್ ನಿಂತಿತೋ, ಒಳಗೆ. ಮಿಷನ್ ಹಿಡಿದವಳು ಒಳಕೋಣೆಯಲ್ಲಿ, ಮೀನು ಹೊರಕೋಣೆಯಲ್ಲಿ, ಪಾಪ ಇವಳಿಗೆ ಕಾಣುವುದೆಲ್ಲಿಂದ ಬಂತು? ಯಾರೋ ಒಮ್ಮೆ ಫೋಟೋ ತೆಗೆದಿದ್ದರು, ಅದರಲ್ಲಿ ಟ್ಯೂಬ್‌ಲೈಟು ಬಿಟ್ಟು ಬೇರೇನೂ ಬಿದ್ದಿರಲಿಲ್ಲ.

ಡಾಕ್ಟರು ಒಳಗೆ ಹೋಗಿ ಮಿಷನ್ನನ್ನು ಬರಿದೇ ಓಡಿಸಿದಳು. ಸುಯ್ ಎಂದು ಸಿಳ್ಳೆ ಹೊಡೆಯಿತೇ ಹೊರತು ಮರಳು ಮಿಸುಕಲಿಲ್ಲ. ಹಲ್ಲೇ ಬೇಕು. ರೋಗಿಗಳು ಬರುವುದು ಇನ್ನು ಸಂಜೆಗೆ, ಚೀಲದ ಮೀನು ಅಲ್ಲಿಯವರೆಗೆ ತಡೆಯುವುದಿಲ್ಲ. ಅವಳು ಅಧ್ಯಕ್ಷರ ಬಾಯಿಯ ಕಡೆ ನೋಡಿದಳು. ಅವರು ತುಟಿ ಬಿಗಿದುಕೊಂಡು, ತಾನೇ ಕುರ್ಚಿಯಲ್ಲಿ ಕೂತರೆ ನೋಡುವವರು ಯಾರು ಎಂದು ಕೇಳಿದರು. ಅದೂ ನ್ಯಾಯವೇ. ಅವರು ಚೀಲ ಎತ್ತಿಕೊಂಡು ಹೊರಟಾಗ, ಯಾವತ್ತೂ ಯಾವುದಕ್ಕೂ ಜಗ್ಗದ ಡಾಕ್ಟರು ಎರಡು ಹೆಜ್ಜೆ ಅವರ ಹಿಂದೆಯೇ ಹೋದಳು.

ಅತ್ತೆ ಎದ್ದರು. ಸೀದಾ ಒಳಗೆ ಹೋಗಿ ರೋಗಿಯ ಕುರ್ಚಿಯಲ್ಲಿ ಕೂತು, ಕಾಲು ನೀಡಿದರು.

ಇದು ಸಣ್ಣ ಮಾತಲ್ಲ. ಎರಡೂ ಕಡೆಯ ದವಡೆ ಹಲ್ಲು ಹಾಳಾಗಿ, ಅಳಿಲಿನ ಹಾಗೆ ಮುಂದಿನ ಹಲ್ಲಲ್ಲೇ ತಿನ್ನುತ್ತಿದ್ದ ಹೆಂಗಸು. ಸೊಸೆ ಎಷ್ಟು ಗೋಗರೆದರೂ, ಅಡುಗೆಮನೆ ಕೊಟ್ಟೆ, ಬೀರುವಿನ ಬೀಗದ ಕೈ ಕೊಟ್ಟೆ, ಬಾಯಿ ಮಾತ್ರ ನಿನ್ನ ಕೈಗೆ ಕೊಡಲಾರೆ ಎಂದುಬಿಟ್ಟಿದ್ದರು.

"ಅತ್ತೆ, ನಿಮಗೆ ಭಯ ಅಲ್ವಾ?"

"ಭಯಾನೇ. ಅದಕ್ಕೇನೀಗ? ಬಾಗಿಲವರೆಗೂ ಬಂದ ಹೆಣ್ಣು ವಾಪಸ್ ಹೋಗೋದಾ? ಶುರು ಮಾಡು."

ಇಂಜೆಕ್ಷನ್ ಕೊಟ್ಟು, ದವಡೆ ಜೋಮು ಹಿಡಿಯುವವರೆಗೆ ಕಾದು, ಡಾಕ್ಟರು ಮಿಷನ್ ಹಿಡಿದಳು. ಹಲ್ಲಿಗೆ ತಾಗಿದ್ದೇ ಗೊರ್ ಎಂದಿತು. ಅತ್ತೆ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹೊರಡದೆ ಉಳಿದ ಅಧ್ಯಕ್ಷರು ಹೊರಗೆ ತೊಟ್ಟಿಗೆ ಮೂಗು ಹಚ್ಚಿ ನಿಂತರು.

"ಡಾಕ್ಟ್ರೇ," ಅಧ್ಯಕ್ಷರ ದನಿ ಪಿಸುಗುಟ್ಟಿತು. "ಬಂತು. ಬೇಗ ಬನ್ನಿ."

"ನಾನು ಬಂದ್ರೆ ಅದು ಹೋಗತ್ತೆ ಸರ್. ನೀವೇ ನೋಡಿ. ಹೇಗಿದೆ, ಸ್ವಲ್ಪ ಹೇಳಿ."

"ಕೆನ್ನೆ ನೀಲಿ ಕಣ್ರೀ. ಮೀಸೆ ಇದೆ. ಅಯ್ಯೋ, ಕಣ್ಣು ತಿರುಗಿಸ್ತಾ ಇದೆ, ನನ್ನೇ ನೋಡ್ತಾ ಇದೆ."

ಡಾಕ್ಟರ ಕಣ್ಣು ತುಂಬಿ ಬಂತು. ಕೈ ಮಾತ್ರ ಅಲುಗಲಿಲ್ಲ.

ಮಿಷನ್ ನಿಲ್ಲಿಸಿ ಹುಳುಕು ತುಂಬಿ ಮುಗಿಸಿದಾಗ ಅಧ್ಯಕ್ಷರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೊದಲು ಕ್ಷಮೆ ಕೇಳಿದರು. ಆಮೇಲೆ ಇನ್ನೂ ಏನೋ ಇದೆ ಎನ್ನುವಂತೆ ಕತ್ತು ಕೆರೆದುಕೊಂಡರು. ಹೊರಗೆ ಬಂದದ್ದು ತಲೆಯೊಂದೇ. ಮರಿಯಲ್ಲಿ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಬೆಳೆದ ಮೇಲೆ ಗಂಡಾದರೆ ಬಾಲದ ಅಂಚು ಕೆಂಪಿರಬೇಕು. ಅದನ್ನು ನೋಡದೆ ಹೆಣ್ಣನ್ನು ಬಿಡುವ ಹಾಗಿಲ್ಲ, ಎರಡೂ ಹೆಣ್ಣೇ ಆಗಿಬಿಟ್ಟರೆ ಕಚ್ಚಾಡಿ ಒಂದು ಸಾಯುತ್ತದೆ. ಇನ್ನೊಂದು ಚೂರು ಹೊತ್ತು ಸಿಕ್ಕಿದ್ದರೆ ಪೂರ್ತಿ ಹೊರಗೆ ಬರುತ್ತಿತ್ತು ಎಂದರು.

ಅರ್ಧ ಮುಖ ಜೋಮು ಹಿಡಿದಿದ್ದ ಅತ್ತೆಗೆ ಮಾತು ಹೊರಡುವಂತಿರಲಿಲ್ಲ. ಅವರು ಚೀಲದ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು. ಮತ್ತೆ ಹಿಂದಕ್ಕೊರಗಿ, ಬಾಯಿ ಅಗಲಿಸಿ, ಇನ್ನೊಂದು ಕಡೆಯ ಕೆನ್ನೆಯನ್ನು ಬೆರಳು ಹಾಕಿ ಎಳೆದು ತೋರಿಸಿದರು.